ಸಿಂಗಾಪುರ ಬೇಡ, ಅಜ್ಜಿಮನೆ ಬೇಕು ಅನ್ನುವ ಮಗ

ಪ್ರಶ್ನೆ: ನಾವು ಶಿವಮೊಗ್ಗದವರು. ಮಗನಿಗೆ 11 ವರ್ಷ, ಮಗಳಿಗೆ 7. ಮೇ ಮೊದಲ ವಾರ ಸಿಂಗಾಪುರಕ್ಕೆ ಐದು ದಿನದ ಪ್ರವಾಸ ಗೊತ್ತು ಮಾಡಿ ಪೂರ್ತಿ ದುಡ್ಡು ಕಟ್ಟಿದ್ದೇವೆ. ಹೋಗುವಾಗ ಬೆಂಗಳೂರಿನಿಂದ ರಾತ್ರಿ ವಿಮಾನ, ಬರುವಾಗ ಹಗಲು. ನಮ್ಮ ಮನೆಯಲ್ಲಿ ಯಾರೂ ಈವರೆಗೆ ವಿಮಾನ ಹತ್ತಿದವರಲ್ಲ. ಮಗಳು ದಿನ ಎಣಿಸುತ್ತಿದ್ದಾಳೆ. ಮಗ ಮಾತ್ರ "ನೀವು ಹೋಗ್ಬನ್ನಿ, ನಾ ಬರಲ್ಲ, ಅಜ್ಜಿಮನೇಲಿ ಇರ್ತೀನಿ" ಅಂತ ಹಟ ಹಿಡಿದಿದ್ದಾನೆ. ಅಜ್ಜಿಮನೆ ಹೊಸನಗರದ ಹತ್ತಿರ, ಪ್ರತಿ ಬೇಸಿಗೆ ರಜೆಯೂ ಅಲ್ಲೇ. ಕಾರಣ ಕೇಳಿದರೆ "ಸುಮ್ನೆ" ಅನ್ನುತ್ತಾನೆ. ಮೊದಲೆಲ್ಲ ವಿಮಾನದ ಸದ್ದು ಕೇಳಿದರೆ ತಾರಸಿಗೆ ಓಡುತ್ತಿದ್ದ, ಈಗೀಗ ಅದನ್ನೂ ಬಿಟ್ಟಿದ್ದಾನೆ. ಆಗುಂಬೆ ಘಾಟಿ ಇಳಿಯುವಾಗಲೆಲ್ಲ ವಾಂತಿ ಮಾಡಿಕೊಳ್ಳುತ್ತಾನೆ, ಅದಕ್ಕೇ ಇರಬಹುದೇ? ನಮ್ಮ ಯಜಮಾನರಿಗೆ ತುಂಬಾ ಬೇಜಾರಾಗಿದೆ. "ಅವನ ವಯಸ್ಸಲ್ಲಿ ನಾನು ತೀರ್ಥಹಳ್ಳಿ ದಾಟಿರಲಿಲ್ಲ. ಇವನಿಗೋಸ್ಕರ ಇಷ್ಟೆಲ್ಲ ಮಾಡಿದ್ರೆ ಹಿಂಗಾ?" ಅನ್ನುತ್ತಾರೆ. ಹೊಸ ಮೊಬೈಲ್ ಕೊಡಿಸುತ್ತೇನೆಂದು ಒಪ್ಪಿಸಲೇ? ಬಿಟ್ಟು ಹೋಗಲೇ? ಎಳೆದುಕೊಂಡು ಹೋದರೆ ಅಲ್ಲಿ ಮುಖ ಊದಿಸಿಕೊಂಡು ಎಲ್ಲರ ಪ್ರವಾಸ ಕೆಡಿಸುತ್ತಾನೇನೋ ಅನ್ನುವ ಭಯ. ಇದರ ಮೇಲೆ, ಕಿಟಕಿ ಸೀಟು ತನಗೇ ಬೇಕೆಂದು ಮಗಳ ಜಗಳ ಈಗಲೇ ಶುರುವಾಗಿದೆ.

ಉತ್ತರ: ಕರೆದುಕೊಂಡು ಹೋಗಿ. ಬಿಟ್ಟು ಹೋಗುವುದು ಬೇಡ, ಮೊಬೈಲಂತೂ ಬೇಡವೇ ಬೇಡ. ಹೇಗೆ ಕರೆದುಕೊಂಡು ಹೋಗಬೇಕು ಅನ್ನುವುದಕ್ಕೆ ಮಾತ್ರ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಹನ್ನೊಂದು ವರ್ಷದ ಮಗನಿಗೆ "ನಮ್ಮ ಜೊತೆ ಬಾ" ಎಂದು ಹೇಳುವ ಅಧಿಕಾರ ಅಪ್ಪ ಅಮ್ಮನಿಗೆ ಇದೆ. ನೆಂಟರ ಮದುವೆಗೆ, ಗೃಹಪ್ರವೇಶಕ್ಕೆ ಅವನ ಒಪ್ಪಿಗೆ ಪಡೆದೇ ಹೊರಡುತ್ತೀರಾ? ಇಲ್ಲವಲ್ಲ. ಆದರೆ "ಬಂದು ಖುಷಿಪಡು" ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನೀವಿಬ್ಬರೂ ಈಗ ಅವನಿಂದ ಕೇಳುತ್ತಿರುವುದು ಎರಡು: ಬರಬೇಕು, ಕುಣಿಯುತ್ತ ಬರಬೇಕು. ಎರಡನೆಯದು ಅವನ ಕೈಯಲ್ಲೇ ಇಲ್ಲ. ಅದು ಆಗುವುದಿಲ್ಲ ಎಂದು ಗೊತ್ತಿರುವುದರಿಂದಲೇ ಮೊದಲನೆಯದಕ್ಕೂ ಒಲ್ಲೆ ಅನ್ನುತ್ತಿದ್ದಾನೆ. ಎರಡನೆಯದನ್ನು ನೀವು ಕೈಬಿಟ್ಟರೆ ಮೊದಲನೆಯದು ಅರ್ಧ ಹಗುರಾಗುತ್ತದೆ.

ಅದನ್ನು ಅವನಿಗೆ ಹೇಳುವುದು ಹೀಗೆ: "ನೋಡೋ, ನಾವು ನಾಲ್ಕೂ ಜನ ಹೋಗ್ತಿದ್ದೀವಿ. ಬುಕ್ ಮಾಡೋಕೆ ಮುಂಚೆ ನಿನ್ನ ಒಂದ್ಮಾತು ಕೇಳಬೇಕಿತ್ತು, ಕೇಳ್ಲಿಲ್ಲ, ತಪ್ಪಾಯ್ತು. ನಿಂಗೆ ಅಲ್ಲಿ ಇಷ್ಟ ಆಗ್ಲೇಬೇಕು ಅಂತೇನಿಲ್ಲ." ಇಷ್ಟೇ. ಇದರ ಬೆನ್ನಿಗೆ ಭಾಷಣ ಬೇಡ. ತಂಗಿಯನ್ನು ನೋಡಿ ಕಲಿ ಅನ್ನುವ ಮಾತಂತೂ ಬೇಡವೇ ಬೇಡ. "ಬರ್ತೀಯಾ?" ಎಂದು ಇನ್ನೊಮ್ಮೆ ಕೇಳಲೂ ಬೇಡಿ. ತೀರ್ಮಾನ ಆಗಿಹೋದ ವಿಷಯವನ್ನು ದಿನವೂ ಪ್ರಶ್ನೆಯಾಗಿ ಮುಂದಿಟ್ಟರೆ ಮಗು ದಿನವೂ ಬೇಡ ಅನ್ನಲೇಬೇಕಾಗುತ್ತದೆ. ಹತ್ತು ಸಲ ಬೇಡ ಅಂದ ಮೇಲೆ ಮನಸ್ಸು ಬದಲಾದರೂ ಮಾನಕ್ಕಂಜಿ ಒಪ್ಪುವುದಿಲ್ಲ.

ಮೊಬೈಲ್ ಯಾಕೆ ಬೇಡ ಅಂದೆ? ಬೆಲ್ಲ ತೋರಿಸಿ ಕುಡಿಸುವುದು ಕಷಾಯವನ್ನು. ಪಾಯಸ ಕುಡಿಯುವುದಕ್ಕೆ ಯಾರೂ ಲಂಚ ಕೊಡುವುದಿಲ್ಲ. ಇಷ್ಟು ದೊಡ್ಡ ವಸ್ತುವನ್ನು ಆಸೆ ತೋರಿಸಿದ ಕೂಡಲೇ ಈ ಪ್ರವಾಸ ತಾನು ಅಂದುಕೊಂಡಿದ್ದಕ್ಕಿಂತ ಕೆಟ್ಟದ್ದೇ ಇರಬೇಕು ಅನ್ನುವುದು ಅವನಿಗೆ ಖಾತ್ರಿಯಾಗುತ್ತದೆ.

ಇನ್ನು ಅವನ "ಸುಮ್ನೆ". ಮಕ್ಕಳ "ಸುಮ್ನೆ" ಯಾವತ್ತೂ ಸುಮ್ಮನೆ ಇರುವುದಿಲ್ಲ, ಹೇಳಿದರೆ ನಗುತ್ತಾರೆ ಅನ್ನುವುದರ ಇನ್ನೊಂದು ಹೆಸರು ಅದು. ನಿಮ್ಮ ಪತ್ರದಲ್ಲೇ ನನಗೆ ಮೂರು ಎಳೆ ಕಾಣಿಸಿದವು. ಒಂದು, ಅಜ್ಜಿಮನೆ. ಮೇ ಮೊದಲ ವಾರ ಅಂದರೆ ಮಾವನ ಮಕ್ಕಳು, ದೊಡ್ಡಮ್ಮನ ಮಕ್ಕಳು ಎಲ್ಲ ಬಂದು ಸೇರುವ ಹೊತ್ತು. ಹಲಸಿನಕಾಯಿ ಹಪ್ಪಳ ಒಣಹಾಕಿ ಕಾಯುವ, ಕದ್ದು ಹಸಿಹಪ್ಪಳದ ಹಿಟ್ಟು ತಿನ್ನುವ, ಹೊಳೆಗೆ ಹೋಗುವ ಹೊತ್ತು. ನೀವು ಅವನಿಗೆ ಒಂದು ಪ್ರವಾಸ ಕೊಡುತ್ತಿದ್ದೀರಿ ಅಂದುಕೊಂಡಿದ್ದೀರಿ. ಅವನ ಲೆಕ್ಕದಲ್ಲಿ ನೀವು ಒಂದು ವಾರ ಕಿತ್ತುಕೊಳ್ಳುತ್ತಿದ್ದೀರಿ. ಆ ಗುಂಪಿನ ದೊಡ್ಡ ಹುಡುಗರು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಟ್ಯೂಷನ್ ಎಂದು ಚದುರಿಹೋಗುತ್ತಾರೆ ಅನ್ನುವುದು ನಮಗಿಂತ ಚೆನ್ನಾಗಿ ಅವನಿಗೆ ಗೊತ್ತಿರುತ್ತದೆ. ಇದಕ್ಕೆ ಮಾತಿನ ಸಮಾಧಾನ ಸಾಲದು, ತಾರೀಖು ಬೇಕು. "ಆಮೇಲೆ ಹೋಗುವಿಯಂತೆ" ಅನ್ನುವುದನ್ನು ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕ್ಯಾಲೆಂಡರ್ ಇಳಿಸಿ ಸಿಂಗಾಪುರಕ್ಕೆ ಮೊದಲು ಇಷ್ಟು ದಿನ, ಆಮೇಲೆ ಇಷ್ಟು ದಿನ ಎಂದು ಅವನ ಕೈಯಲ್ಲೇ ಗುರುತು ಹಾಕಿಸಿ, ಅಜ್ಜಿಗೆ ಫೋನ್ ಮಾಡಿ ಅವನ ಎದುರಿಗೇ ಆ ತಾರೀಖು ಹೇಳಿ. ಪ್ರವಾಸದ ಆಯಾಸ, ಬಟ್ಟೆ ಒಗೆಯುವುದು ಏನೇ ಇದ್ದರೂ ಆ ದಿನ ಬಸ್ಸು ಹತ್ತಿಸಿ.

ಎರಡನೆಯ ಎಳೆ ನೀವು ಒಂದೇ ವಾಕ್ಯದಲ್ಲಿ ದಾಟಿಹೋದದ್ದು. ಸೊಗಾನೆಯ ನಿಲ್ದಾಣದಿಂದ 2023ರ ಆಗಸ್ಟ್ ಕೊನೆಯಲ್ಲಿ ವಿಮಾನ ಹಾರಲು ಶುರುವಾದಾಗ ಶಿವಮೊಗ್ಗದ ಎಷ್ಟೋ ಮಕ್ಕಳಂತೆ ನಿಮ್ಮ ಮಗನೂ ತಾರಸಿಗೆ ಓಡಿದ್ದಾನೆ. ಈಗ ಓಡುವುದಿಲ್ಲ. ಹಳೆಯದಾಗಿ ಬೇಸರ ಬಂದಿರಲೂಬಹುದು. ಆದರೆ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದ ಮೇಲೆ ಆ ಕೆಲವೇ ಸೆಕೆಂಡುಗಳ ದೃಶ್ಯವನ್ನು ಟಿವಿಯಲ್ಲಿ, ಮೊಬೈಲಿನಲ್ಲಿ ಮಕ್ಕಳು ಎಷ್ಟು ಸಲ ನೋಡಿದ್ದಾರೆ ಅನ್ನುವುದಕ್ಕೆ ಲೆಕ್ಕವಿಲ್ಲ. ದೊಡ್ಡವರು ಊಟ ಮಾಡುತ್ತ ನೋಡಿ ಚಾನೆಲ್ ಬದಲಿಸಿದೆವು. ಎದುರಿಗೆ ಕೂತಿದ್ದ ಮಕ್ಕಳು ಅದನ್ನು ಹಾಸಿಗೆಗೆ ಹೊತ್ತುಕೊಂಡು ಹೋದರು. ಆಮೇಲಿನ ತಿಂಗಳುಗಳಲ್ಲಿ ನನ್ನ ಬಳಿ ಬಂದ ಮಕ್ಕಳಲ್ಲಿ ಹಲವರು ಆ ಮಾತು ತೆಗೆದರು, ಅದೂ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ.

ಮೂರನೆಯದು ವಾಂತಿ. ಹನ್ನೊಂದು ವರ್ಷದ ಹುಡುಗನಿಗೆ ವಾಂತಿಗಿಂತ ದೊಡ್ಡ ಭಯ ನಾಲ್ಕು ಜನರ ಮುಂದೆ ವಾಂತಿ.

ಈ ಮೂರರಲ್ಲಿ ಯಾವುದು ಎಂದು ಎದುರಿಗೆ ಕೂರಿಸಿಕೊಂಡು "ಯಾಕೆ? ಹೇಳು, ಯಾಕೆ?" ಎಂದು ಕೇಳಬೇಡಿ. ಈ ವಯಸ್ಸಿನ ಗಂಡುಮಕ್ಕಳು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ, ಪಕ್ಕಪಕ್ಕ ಇದ್ದಾಗ ಆಡುತ್ತಾರೆ. ಸ್ಕೂಟರಿನ ಹಿಂದೆ ಕೂತಾಗ, ಅವರೆಕಾಯಿ ಸುಲಿಯುವಾಗ, ದೀಪ ಆರಿಸಿ ಮಲಗಿದ ಮೇಲೆ. "ಈ ಟ್ರಿಪ್ಪಲ್ಲಿ ನಿಂಗೆ ಎಲ್ಲಕ್ಕಿಂತ ಬೇಡ ಅನ್ಸಿದ್ದು ಯಾವ್ದು?" ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ನಮಗೆ ತಕ್ಷಣ ಸಮಾಧಾನ ಹೇಳುವ ಚಟ. ಅವನು "ವಿಮಾನ ಬಿದ್ರೆ?" ಅಂದರೆ "ಛೆ, ಏನ್ ಮಾತಾಡ್ತೀಯ, ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಬೇಡಿ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಹಾಗಾದರೆ ಏನು ಹೇಳುವುದು? ನಿಜ. "ಹೌದು, ಬಿದ್ದಿತ್ತು. ನಂಗೂ ನೋಡಿ ಭಯ ಆಗಿತ್ತು. ಪ್ರಪಂಚದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಸಲ ವಿಮಾನ ಹಾರಿ ಇಳಿಯುತ್ತೆ, ಅದ್ಯಾವ್ದೂ ಟಿವೀಲಿ ಬರಲ್ಲ." ಇಷ್ಟು ಸಾಕು. ಅಂಕಿ ಅಂಶದಿಂದ ಭಯ ಹೋಗುವುದಿಲ್ಲ ಅನ್ನುವುದೂ ನಿಮಗೆ ನೆನಪಿರಲಿ. ಅವನು ಮತ್ತೆ ಮತ್ತೆ ಅದನ್ನೇ ಕೇಳಿದರೆ ಮತ್ತೆ ಮತ್ತೆ ಸಮಾಧಾನ ಹೇಳಬೇಡಿ, "ಮೊನ್ನೆ ಮಾತಾಡಿದ್ವಲ್ಲ, ನಾನೇನ್ ಹೇಳಿದ್ದೆ?" ಎಂದು ಅವನ ಬಾಯಿಂದಲೇ ಹೇಳಿಸಿ. ಪ್ರತಿ ಸಲವೂ ನಾವು ಹೇಳುತ್ತ ಹೋದರೆ ಅವನ ಧೈರ್ಯ ನಮ್ಮ ಬಾಯಲ್ಲೇ ಉಳಿದುಬಿಡುತ್ತದೆ.

ಭಯಕ್ಕೆ ಅಂಕಿಗಿಂತ ಚೆನ್ನಾಗಿ ಕೆಲಸ ಮಾಡುವುದು ಮುಂದೇನಾಗುತ್ತದೆ ಅನ್ನುವ ತಿಳಿವಳಿಕೆ. ವಿಮಾನದಲ್ಲಿ ಮಕ್ಕಳನ್ನು, ದೊಡ್ಡವರನ್ನೂ, ಬೆಚ್ಚಿಬೀಳಿಸುವುದು ಹೆಚ್ಚಾಗಿ ಸದ್ದು. ಆ ಸದ್ದುಗಳ ಪಟ್ಟಿಯನ್ನು ಮೊದಲೇ ಕೊಟ್ಟುಬಿಡಿ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿ ದಡ್ ಅನ್ನುತ್ತದೆ, ಅದು ಚಕ್ರ ಒಳಗೆ ಮಡಚಿಕೊಂಡದ್ದು. ಅದಾಗಿ ಒಂದೆರಡು ನಿಮಿಷದೊಳಗೆ ಎಂಜಿನ್ ಸದ್ದು ತಟ್ಟನೆ ತಗ್ಗಿ ಹೊಟ್ಟೆಯೊಳಗೆ ಜಾರಿದ ಹಾಗಾಗುತ್ತದೆ. ನೆಲದಿಂದ ಏಳಲು ಬೇಕಿದ್ದಷ್ಟು ಬಲ ಈಗ ಬೇಡವೆಂದು ಪೈಲಟ್ ಕಡಿಮೆ ಮಾಡಿದ್ದಾರೆ. ವಿಮಾನ ಏರುತ್ತಲೇ ಇರುತ್ತದೆ. ನಡುವೆ ಎತ್ತಿಹಾಕಿದರೆ ಅದು ಗಾಳಿಯ ಉಬ್ಬುತಗ್ಗು, ಬೆಲ್ಟ್ ಹಾಕಿರಬೇಕು ಅಷ್ಟೆ. ಆಗ ರೆಕ್ಕೆಯ ತುದಿ ಬಾಗುವುದು ಕಾಣುತ್ತದೆ. ಬಾಗಲೆಂದೇ ಮಾಡಿದ್ದು ಅದು. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟು ತಡೆಯುತ್ತದೆಯೇ ಎಂದು ನೋಡಿಯೇ ರೆಕ್ಕೆಗೆ ಒಪ್ಪಿಗೆ ಕೊಡುವುದು. ಇಳಿಯುವ ಮುಂಚೆ ಗುಂಯ್ ಎಂದು ರೆಕ್ಕೆಯ ಹಿಂದಿನ ಹಲಗೆಗಳು ಚಾಚುತ್ತವೆ. ನೆಲ ಮುಟ್ಟಿದ ಮೇಲೆ ಭೋರೆಂದು ಆರ್ಭಟ, ಅದು ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದ್ದು. ಇದನ್ನು ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಿ. ಒಂದೊಂದು ಸದ್ದು ಬಂದಾಗಲೂ ಟಿಕ್ ಹಾಕಲಿ. ಹೊರಡುವ ಮುಂಚೆ ಒಂದೆರಡು ಸಂಜೆ ಸೊಗಾನೆ ಕಡೆ ಗಾಡಿ ನಿಲ್ಲಿಸಿ ವಿಮಾನ ಇಳಿಯುವುದನ್ನು ನೋಡಿ ಬನ್ನಿ. ಅವನು ಮಾತಾಡದೆ ನೋಡಿದರೂ ಸರಿ.

ವಾಂತಿಯ ವಿಷಯ ಸುಲಭ. ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯನ್ನು ಬಸ್ಸಿನಲ್ಲಿ ಇಳಿಯುವುದರ ಮುಂದೆ ಮೇಲೇರಿದ ವಿಮಾನ ಅಂಗಳದಲ್ಲಿ ಚಾಪೆ ಹಾಕಿ ಕೂತ ಹಾಗೆ. ಈ ತೊಂದರೆ ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲೇ ಜಾಸ್ತಿ, ದೊಡ್ಡವರಾಗುತ್ತ ಬಹಳಷ್ಟು ಕಡಿಮೆಯಾಗುತ್ತದೆ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಅಲುಗಾಟ ಕಡಿಮೆ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ, ಮೊಸರನ್ನ ಸಾಕು. ಮಾತ್ರೆ ಬೇಕೆಂದಾದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ಮೊದಲೊಮ್ಮೆ ಮನೆಯಲ್ಲೇ ಕೊಟ್ಟು ನೋಡಿ. ಮುಂದಿನ ಸೀಟಿನ ಜೇಬಿನಲ್ಲಿ ವಾಂತಿಗೆಂದೇ ಕಾಗದದ ಚೀಲ ಇಟ್ಟಿರುತ್ತಾರೆ ಎಂದು ಅವನಿಗೆ ತಿಳಿಸಿ. ಅದನ್ನು ಇಟ್ಟಿದ್ದಾರೆ ಅಂದರೆ ಅವನೊಬ್ಬನೇ ಅಲ್ಲ ಅಂತಾಯಿತಲ್ಲ. ಇಳಿಯುವಾಗ ಕಿವಿ ಕಟ್ಟುತ್ತದೆ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆಯಾದ್ದರಿಂದ ಇಬ್ಬರನ್ನೂ ಸ್ವಲ್ಪ ಮೊದಲೇ ಎಬ್ಬಿಸಿ ಶುಂಠಿ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿ. ಚೂಯಿಂಗ್ ಗಮ್ ಅನ್ನುತ್ತಾರೆ, ಅದು ಮಾತ್ರ ಬೇಡ. ಸಿಂಗಾಪುರದೊಳಕ್ಕೆ ಗಮ್ ತರುವುದನ್ನು 1992ರಲ್ಲೇ ನಿಷೇಧಿಸಿದ್ದಾರೆ. ಹಾಗೆಯೇ ಅಜ್ಜಿ ಪ್ರೀತಿಯಿಂದ ಕಟ್ಟಿಕೊಡುವ ಗಂಟಿನಲ್ಲಿ ಚಟ್ನಿಪುಡಿ ಇರಲಿ, ಗಸಗಸೆ ಇದ್ದರೆ ತೆಗೆದಿಡಿ. ಅದಕ್ಕೂ ಅಲ್ಲಿ ತಡೆ ಇದೆ.

ಇದ್ಯಾವ ಎಳೆಯೂ ಅಲ್ಲದೆ ಅವನ ಸ್ವಭಾವವೇ ಹಾಗೆ ಇರುವ ಸಾಧ್ಯತೆಯೂ ಉಂಟು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಿಂದ ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದ ಬೆಳೆಯುವತನಕ ಗಮನಿಸುತ್ತ ಬಂದರು. ಅವರಲ್ಲಿ ನೂರಕ್ಕೆ ಹದಿನೈದರಷ್ಟು ಮಕ್ಕಳು ಹೊಸ ಊಟ, ಹೊಸ ಜಾಗ, ಹೊಸ ಮುಖ ಯಾವುದು ಬಂದರೂ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುವವರು. ತಳ್ಳದೆ ಬಿಟ್ಟರೆ ತಾವಾಗಿಯೇ ಬೆರೆಯುವವರು. ಬಳಪದ ಕಲ್ಲಿನ ಪಾತ್ರೆಯ ಹಾಗೆ: ಕಾಯುವುದಕ್ಕೆ ಹೊತ್ತು ಬೇಕು, ಕಾದ ಮೇಲೆ ಒಲೆಯಿಂದ ಇಳಿಸಿದರೂ ಕೊತಕೊತ ಅನ್ನುತ್ತಿರುತ್ತದೆ. ನಿಮ್ಮ ಮಗ ಒಂದನೇ ಕ್ಲಾಸಿಗೆ ಸೇರಿದಾಗ ಹೇಗಿದ್ದ, ಹೊಸ ಮೇಷ್ಟ್ರು ಬಂದಾಗ ಏನು ಮಾಡಿದ್ದ ಎಂದು ನೆನಪು ಮಾಡಿಕೊಳ್ಳಿ. ಆಗಲೂ ಹೀಗೇ ಇದ್ದು ಆಮೇಲೆ ಸರಿಹೋಗಿದ್ದರೆ ಇದೂ ಅದೇ. ಅವನನ್ನು ಬಿಟ್ಟು ಹೋಗಬೇಡಿ ಅಂದದ್ದು ಇದಕ್ಕೇ. ಹಿಂದೆ ಸರಿದ ಪ್ರತಿ ಸಲವೂ ಬಿಟ್ಟುಕೊಟ್ಟರೆ, ಸರಿದದ್ದೇ ಒಳ್ಳೆಯದಾಯಿತು ಅನ್ನುವುದೊಂದೇ ಪಾಠ ಅವನು ಕಲಿಯುವುದು.

ಈಗ ನಿಮ್ಮ ಯಜಮಾನರ ವಿಷಯ. ಅವರ ಬೇಜಾರು ನನಗೆ ಅರ್ಥವಾಗುತ್ತದೆ, ಅದನ್ನು ಸಣ್ಣದು ಮಾಡುವುದಿಲ್ಲ. ತೀರ್ಥಹಳ್ಳಿ ದಾಟದೆ ಬೆಳೆದ ಹುಡುಗ ದುಡಿದು, ಕೂಡಿಟ್ಟು, ನಾಲ್ಕು ಟಿಕೆಟ್ ತೆಗೆಸಿದ್ದಾರೆ. ಆದರೆ ಅವರನ್ನು ಒಂದು ಕೇಳಬೇಕು: ಇದು ನಿಜವಾಗಿ ಮಗನಿಗೋಸ್ಕರವೇ? ಮಗ ಕೇಳಿರಲಿಲ್ಲ. ಕೇಳಿದ್ದು ಮೂವತ್ತು ವರ್ಷದ ಹಿಂದಿನ ಆ ಇನ್ನೊಬ್ಬ ಹುಡುಗ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಅದನ್ನು ಮಗನ ಹೆಸರಿಗೆ ಬರೆಯುವುದು ತಪ್ಪು. "ನಿನಗೋಸ್ಕರ ಇಷ್ಟು ಖರ್ಚು ಮಾಡಿದೀನಿ" ಅಂದರೆ ಮಗು ಸಾಲಗಾರನಾಗುತ್ತದೆ, ಆ ಸಾಲಕ್ಕೆ ಬಡ್ಡಿ ಖುಷಿಯ ರೂಪದಲ್ಲಿ ಕಟ್ಟಬೇಕು. "ಚಿಕ್ಕೋನಿದ್ದಾಗಿಂದ ನಂಗೆ ವಿಮಾನದಲ್ಲಿ ಹೋಗ್ಬೇಕು ಅಂತ ಆಸೆ ಕಣೋ, ಒಬ್ನೇ ಹೋಗೋಕೆ ಮನಸ್ಸಿಲ್ಲ, ನನ್ ಜೊತೆ ಬಾ" ಎಂದು ಅಪ್ಪ ಅಂದು ನೋಡಲಿ. ಮಕ್ಕಳು ಉಪಕಾರ ಪಡೆದುಕೊಳ್ಳುವುದಕ್ಕಿಂತ ಉಪಕಾರ ಮಾಡುವುದಕ್ಕೆ ಬೇಗ ಒಪ್ಪುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಷ್ಟಪಡುವವರು ಅಪ್ಪಂದಿರೇ, ಆ ವಾಕ್ಯ ಅವರ ಗಂಟಲು ದಾಟುವುದಿಲ್ಲ.

ನಾನು ಟ್ರಾವೆಲ್ ಏಜೆಂಟ್ ಅಲ್ಲ, ಆದರೂ ನಿಮ್ಮ ಐದು ದಿನದ ಪಟ್ಟಿಯ ಬಗ್ಗೆ ಬಾಯಿ ಹಾಕುತ್ತೇನೆ. ಮಕ್ಕಳು ಅಲ್ಲಿ ರಚ್ಚೆ ಹಿಡಿಯುವುದು ಮನಸ್ಸಿನ ತೊಂದರೆಯಿಂದಲ್ಲ, ಹತ್ತಕ್ಕೆ ಏಳು ಸಲ ನಿದ್ದೆಗೆಟ್ಟು. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಾಟ. ರಾತ್ರಿ ಹನ್ನೊಂದರ ಸುಮಾರಿಗೆ ಹೊರಟರೆ ಅಲ್ಲಿ ಬೆಳಗಿನ ಆರು; ಮಗನ ಮೈಗೆ ಅದು ಮೂರೂವರೆ. ಹೋಟೆಲಿನಲ್ಲಿ ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ. ಆ ನಡುವಿನ ಹೊತ್ತಿಗೆ ಪ್ಯಾಕೇಜಿನವರು ಊರು ಸುತ್ತಿಸುವ ಕಾರ್ಯಕ್ರಮ ಇಟ್ಟಿರುತ್ತಾರೆ. ಮೂರು ಗಂಟೆ ನಿದ್ದೆ ಮಾಡಿದ ಮಕ್ಕಳನ್ನು ಬಿಸಿಲಲ್ಲಿ ಮೆರ್‌ಲಯನ್ ಎಂಬ ಸಿಂಹದ ತಲೆ, ಮೀನಿನ ಮೈಯ ಪ್ರತಿಮೆಯ ಮುಂದೆ ನಿಲ್ಲಿಸಿ ನಗು ನಗು ಅನ್ನುವುದು! ಅದನ್ನು ಬಿಡಿಸಿ. ಬೇಗ ರೂಮು ಸಿಗುವುದೇ ಎಂದು ಈಗಲೇ ಕೇಳಿ, ಇಲ್ಲವಾದರೆ ಚಾಂಗಿ ನಿಲ್ದಾಣದಲ್ಲೇ ನಿಧಾನವಾಗಿ ಹೊತ್ತು ಕಳೆಯಿರಿ. ಅಲ್ಲಿಯ ಜ್ಯುವೆಲ್ ಎಂಬ ಗಾಜಿನ ಗುಮ್ಮಟದೊಳಗೆ ಚಾವಣಿಯಿಂದ ಸುರಿಯುವ ಜಲಪಾತ ಇದೆ, 40 ಮೀಟರ್ ಎತ್ತರ. ಸೂರಿನಡಿಯ ಜಲಪಾತಗಳಲ್ಲಿ ಪ್ರಪಂಚಕ್ಕೇ ಎತ್ತರದ್ದು. ಜೋಗ 253 ಮೀಟರ್. ನಿಮ್ಮ ಮಗ ಮೂಗು ಮುರಿದು "ನಮ್ ಜೋಗದ ಮುಂದೆ ಇದೆಂತ" ಅಂದರೆ ಒಪ್ಪಿಕೊಳ್ಳಿ. ಅವನು ಮಾತಾಡಿದನಲ್ಲ.

ಅದೇ ಎರಡೂವರೆ ಗಂಟೆ ಸಂಜೆ ನಿಮ್ಮ ಕಡೆಗಿರುತ್ತದೆ. ಅಲ್ಲಿಯ ರಾತ್ರಿ ಒಂಬತ್ತು ಅವನ ಮೈಗೆ ಆರೂವರೆ. ಆದ್ದರಿಂದ ನೈಟ್ ಸಫಾರಿಗೆ, ಗಾರ್ಡನ್ಸ್ ಬೈ ದ ಬೇಯಲ್ಲಿ 7:45ಕ್ಕೂ 8:45ಕ್ಕೂ ಬಿಟ್ಟಿಯಾಗಿ ನಡೆಯುವ ದೀಪದ ಆಟಕ್ಕೆ ಹೆದರಬೇಡಿ, ಬೆಳಗಿನ ಎಂಟು ಗಂಟೆಯ ಬಸ್ಸಿಗೆ ಹೆದರಿ. ದಿನಕ್ಕೆ ಒಂದು ದೊಡ್ಡ ಜಾಗ ಸಾಕು. ದುಡ್ಡು ಕಟ್ಟಿಯಾಗಿದೆ ಎಂದು ಎಲ್ಲವನ್ನೂ ನೋಡಲೇಬೇಕೆಂದು ಓಡಿದರೆ ದುಡ್ಡೂ ಹೋಗಿ ಮಕ್ಕಳೂ ಕೆಡುತ್ತಾರೆ. ಒಂದು ದಿನ ಮನೆಮಂದಿ ಎರಡು ಪಾಲಾಗಿ: ಅಪ್ಪ ಮಗಳು ಯೂನಿವರ್ಸಲ್ ಸ್ಟುಡಿಯೋಸ್‌ಗೆ, ನೀವು ಮಗ ಬೊಟಾನಿಕ್ ಗಾರ್ಡನ್ಸ್‌ಗೆ. ಅದಕ್ಕೆ ಟಿಕೆಟ್ ಇಲ್ಲ, ಮರದ ಕೆಳಗೆ ಕೂತರೆ ಯಾರೂ ಏಳಿಸುವುದಿಲ್ಲ.

ಹೊಳೆಯ ಹುಡುಗನಿಗೆ ಅಲ್ಲಿ ನೋಡುವಂಥದ್ದೂ ಒಂದಿದೆ. ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಇರುವ ಅದೇ ಜಾತಿಯ ನೀರುನಾಯಿಗಳು ಸಿಂಗಾಪುರದ ಪೇಟೆ ನಡುವಿನ ನದಿಗಳಲ್ಲಿ ಸಂಸಾರ ಸಮೇತ ಈಜಾಡಿಕೊಂಡಿವೆ, ದಡಕ್ಕೆ ಬಂದು ಜನರ ನಡುವೆಯೇ ಮೀನು ತಿನ್ನುತ್ತವೆ. ರೈಲಿನಲ್ಲಿ ಡೂರಿಯನ್ ಹಣ್ಣು ತರಬಾರದೆಂಬ ಬೋರ್ಡು ನೋಡಲಿ. ಹೊರಗಿನಿಂದ ನೋಡಿದರೆ ಹಲಸಿನ ತಮ್ಮನ ಹಾಗಿದೆ, ಆದರೆ ಕುಟುಂಬ ದಾಸವಾಳದ್ದು. ಇಂಥವನ್ನು ಹೊರಡುವ ಮುಂಚೆಯೇ ಭಾರಿ ಉತ್ಸಾಹದಿಂದ ಅವನ ಮುಂದೆ ಸುರಿಯಬೇಡಿ, ವ್ಯಾಪಾರ ಮಾಡಿದ ಹಾಗಾಗುತ್ತದೆ. ಎರಡು ಕೆಲಸ ಮಾತ್ರ ಅವನಿಗೆ ಒಪ್ಪಿಸಿ. ತಲುಪುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡನ್ನು, ಅಂದರೆ ಆ ದೇಶಕ್ಕೆ ಬರುವವರು ತಮ್ಮ ವಿವರ ಕೊಡುವ ಅರ್ಜಿಯನ್ನು, ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ನಾಲ್ಕು ಪಾಸ್‌ಪೋರ್ಟ್ ಹಿಡಿದುಕೊಂಡು ಅವನು ಓದಿ ಹೇಳಲಿ, ನೀವು ತುಂಬಿ. ಇನ್ನೊಂದು, ಮೆಟ್ರೋ ನಕ್ಷೆ. ಎಲ್ಲಿ ಹತ್ತಿ ಎಲ್ಲಿ ಬದಲಿಸಬೇಕೆಂದು ಅವನೇ ಹೇಳಬೇಕು; ತಪ್ಪು ರೈಲು ಹತ್ತಿದರೂ ಎಲ್ಲರೂ ಅವನ ಹಿಂದೆ ಹತ್ತಬೇಕು. ನೇರಳೆ ಬಣ್ಣದ ಲೈನಿನ ರೈಲಿಗೆ ಡ್ರೈವರೇ ಇಲ್ಲ, ಮುಂದಿನ ಗಾಜಿನ ಹತ್ತಿರ ನಿಂತರೆ ಸುರಂಗ ಎದುರಿಗೇ ಬರುತ್ತದೆ.

ಊಟಕ್ಕೆ ಅವನನ್ನು ಪರೀಕ್ಷೆಗೆ ಒಡ್ಡಬೇಡಿ. ಲಿಟ್ಲ್ ಇಂಡಿಯಾದ ಕೋಮಳ ವಿಲಾಸ್ 1947ರಿಂದ ಇಡ್ಲಿ ದೋಸೆ ಹಾಕುತ್ತಿದೆ. ದಿನಾ ಅದೇ ಬೇಕೆಂದರೆ ದಿನಾ ಅದೇ. ಎಲ್ಲ ಕಡೆಯ ಟಾಯ್ಲೆಟ್ಟಿನಲ್ಲೂ ನೀರಿನ ಸ್ಪ್ರೇ ಇರುವುದಿಲ್ಲ, ಬರೀ ಕಾಗದ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮಕ್ಕಳು ಸಂಜೆತನಕ ತಡೆದುಕೊಂಡು ಸಿಡಿಮಿಡಿ ಅನ್ನುತ್ತಾರೆ. ಬ್ಯಾಗಿನಲ್ಲಿ ಒಂದು ಖಾಲಿ ಬಾಟಲಿ ಇರಲಿ.

ಅಷ್ಟಾದರೂ ಅವನು ಒಂದು ಜಾಗದಲ್ಲಿ ಮುಖ ಊದಿಸಿಕೊಂಡು ಕೂರುತ್ತಾನೆ. ಕೂರಲಿ. ನನ್ನ ಮಗಳಿಗೆ ಹದಿಮೂರಾಗಿದ್ದಾಗ ಕ್ವಾಲಾಲಂಪುರದ ಬಾಟು ಗುಹೆಗೆ ಹೋಗಿದ್ದೆವು. ಸುಬ್ರಹ್ಮಣ್ಯನ ಗುಡಿಗೆ 272 ಮೆಟ್ಟಿಲು. ಇಪ್ಪತ್ತನೆಯದಕ್ಕೆ ಕೂತುಬಿಟ್ಟಳು. "ಮೈಸೂರಲ್ಲಿದ್ದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೇ ಹತ್ತಿಲ್ಲ, ಇಲ್ಲಿ ಯಾಕೆ ಹತ್ತಲಿ?" ಅಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ನಾನು ಅಷ್ಟು ಜನರ ನಡುವೆ ಅವಳನ್ನು ಬೈದೆ. ಈಗ ಅವಳಿಗೆ ಆ ದೇಶದ ನೆನಪು ಅಂದರೆ ಎರಡೇ: ಪ್ರಸಾದ ಕಿತ್ತುಕೊಂಡ ಕೋತಿ, ಕಿರುಚಿದ ಅಮ್ಮ. ನಾನು ಅವಳ ಪಕ್ಕ ಅದೇ ಮೆಟ್ಟಿಲಲ್ಲಿ ಕೂತುಬಿಡಬಹುದಿತ್ತು. ಅವಳ ಅಪ್ಪ ಹೇಗೂ ಹತ್ತಿ ಇಳಿದು ಬಂದರು.

ಫೋಟೋ ವಿಷಯದಲ್ಲಿ ನಿಮ್ಮಿಬ್ಬರದೂ ಮನಸ್ಸು ಗಟ್ಟಿಯಿರಲಿ. ನಾಲ್ವರೂ ನಗುತ್ತಿರುವ ಒಂದು ಫೋಟೋ ವಾಟ್ಸಾಪ್ ಗುಂಪಿಗೆ ಹೋಗಲೇಬೇಕು ಅನ್ನುವ ಒತ್ತಡದಲ್ಲೇ ಎಷ್ಟೋ ಸಂಜೆಗಳು ಹಾಳಾಗುತ್ತವೆ. ಅವನು ಬೇಡ ಅಂದರೆ ಮೂವರ ಫೋಟೋ ಕಳಿಸಿ, ತೆಗೆದವನು ಅವನೇ ಎಂದು ಬರೆಯಿರಿ. ವಾಪಸು ಬಂದ ಮೇಲೆ ನೆಂಟರು "ಹೆಂಗಿತ್ತೋ ಸಿಂಗಾಪುರ?" ಅಂದಾಗ ಅವನು "ಪರವಾಗಿಲ್ಲ" ಅಂದರೆ ಅಷ್ಟಕ್ಕೇ ಬಿಡಿ. "ಅಲ್ಲಿ ಎಷ್ಟು ನಗ್ತಿದ್ದ ಗೊತ್ತಾ!" ಎಂದು ಸಾಕ್ಷಿ ಹೇಳಬೇಡಿ.

ಒಂದು ಎಚ್ಚರಿಕೆ. ಇದು ಪ್ರವಾಸದ ವಿಷಯಕ್ಕೆ ಮಾತ್ರವಲ್ಲದೆ, ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡದಿದ್ದರೆ, ಶಾಲೆಗೂ ಹೋಗಲು ಒಲ್ಲೆ ಅಂದರೆ, ನೀವು ಹೊರಗೆ ಹೋದರೆ ಬರುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದರೆ, ಅಥವಾ ವಿಮಾನದ ಮಾತು ತೆಗೆದರೆ ಉಸಿರು ಕಟ್ಟಿ ಮೈ ನಡುಗುವಂತಿದ್ದರೆ, ನಾನು ಮೇಲೆ ಹೇಳಿದ್ದಷ್ಟೇ ಸಾಲದು. ಆಗ ಮಕ್ಕಳ ಮನೋತಜ್ಞರಿಗೆ ತೋರಿಸಿ, ಪ್ರವಾಸವನ್ನು ಮುಂದೆ ಹಾಕಬೇಕಾದರೆ ಹಾಕಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಕಿಟಕಿ ಸೀಟಿನ ಜಗಳ ಬಗೆಹರಿಸುವುದು ಕಷ್ಟವಲ್ಲ. ಹೋಗುವಾಗ ರಾತ್ರಿ, ಹೊರಗೆ ಬರೀ ಕತ್ತಲೆ. ಮಗಳಿಗೆ ಕೊಡಿ, ದೀಪ ಆರಿಸಿದ ಅರ್ಧ ಗಂಟೆಗೆ ನಿದ್ದೆ ಹೋಗುತ್ತಾಳೆ. ಬರುವಾಗ ಹಗಲು, ಆಗ ಮಗನದು. ಹೋಗುವಾಗ ಅವನ ಸೀಟು ಅಪ್ಪನ ಪಕ್ಕ ಇರಲಿ, ಸದ್ದಿನ ಚೀಟಿ ಅವನ ಕೈಯಲ್ಲಿರಲಿ. ನಿಮ್ಮ ಯಜಮಾನರಿಗೂ ಅದು ಮೊದಲ ವಿಮಾನ ತಾನೇ. ಚಕ್ರ ದಡ್ ಅಂದಾಗ ಅದೇನೆಂದು ಅವರಿಗೂ ಯಾರಾದರೂ ಹೇಳಬೇಕಲ್ಲ.